ಅಶ್ಮಿತಾಳ ಹಳೇ ಡೆಕ್

ಅಶ್ಮಿತಾ ಕಳಂಬೋಲಿಯ ಉಕ್ಕಿನ ಮಾರ್ಕೆಟ್ಟಿನಲ್ಲಿ ಲಾರಿಗಳಿಗೆ ಗೇಟ್‌ಪಾಸ್ ಬರೆಯುತ್ತಾಳೆ. ಆಫೀಸಿನವರಿಗೆ ಅವಳು ‘ಗೇಟ್‌ಪಾಸ್ ಮೇಡಂ’ ಅಷ್ಟೇ. ಹೆಸರು ಹಿಡಿದು ಕರೆಯುವುದು ಡೊಂಬಿವಲಿಯ ಕಾರ್ಡ್ ಗೇಮ್ ಅಂಗಡಿಯಲ್ಲಿ ಮಾತ್ರ. ಒಂಬತ್ತು ವರ್ಷದ ಹಿಂದೆ ಠಾಣೆ ನಗರದ ಟೂರ್ನಮೆಂಟ್ ಗೆದ್ದವಳು ಅವಳು.

ಅವಳ ಡೆಕ್‌ನಲ್ಲಿ, ಅಂದರೆ ಆಟಕ್ಕೆ ಆರಿಸಿಟ್ಟ ಕಾರ್ಡುಗಳ ಕಟ್ಟಿನಲ್ಲಿ, ಮೂರು ಮುಖ್ಯ ಕಾರ್ಡುಗಳು: ಬಾವಿ, ಗಂಟೆ, ಕುರುಡ ರಾಜ. ಮೂರೂ ಒಟ್ಟಿಗೆ ಮೇಜಿಗೆ ಬಂದು ಅವಳ ಮುಂದಿನ ಸರದಿಯವರೆಗೆ ಉಳಿದರೆ ಎದುರಾಳಿಯ ಕಥೆ ಮುಗಿಯಿತು. ಆದರೆ ಎರಡು ವರ್ಷದ ಹಿಂದೆ ‘ಬೀಗ’ ಅಂತ ಹೊಸ ಕಾರ್ಡು ಬಂತು. ಎದುರಾಳಿ ಅದನ್ನು ಎಸೆದರೆ ಅವಳ ಮೂರರಲ್ಲಿ ಒಂದು ಸತ್ತಂತೆ. ಜೊತೆಯವರೆಲ್ಲ ಡೆಕ್ ಬದಲಿಸಿದರು. ಮದುವೆ ಮುರಿದು ಕಾಮೋಠೆಗೆ ತಾಯಿಯ ಹತ್ತಿರ ಬಂದ ವರ್ಷ ಅಶ್ಮಿತಾ ಗೆದ್ದದ್ದು ಈ ಡೆಕ್‌ನಿಂದ. ಇದನ್ನೂ ಬಿಟ್ಟರೆ ತನ್ನದು ಅನ್ನುವುದಕ್ಕೆ ಏನಿದೆ?

ಈ ಜನವರಿಯಲ್ಲಿ ಮತ್ತೆ ಠಾಣೆಯ ಟೂರ್ನಮೆಂಟಿಗೆ ಹೋದಳು. ಮೊದಲ ಎರಡು ಸುತ್ತು ಸೋತಳು. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತಳು. ಮುಖ ತೊಳೆದು ಬಂದು ಮುಂದಿನ ಮೂರು ಸುತ್ತು ಹಲ್ಲು ಕಚ್ಚಿ ಗೆದ್ದಳು. ಕೊನೆಯದನ್ನೂ ಗೆದ್ದರೆ ಮೊದಲ ಎಂಟರಲ್ಲಿ ಜಾಗ.

ಎದುರಿಗೆ ಕೂತವಳು ಅಮೂಲ್ಯಾ, ಕಲ್ಯಾಣದ ಕಾಲೇಜು ಹುಡುಗಿ. ಸುತ್ತಿನ ಮೂರು ಆಟಗಳಲ್ಲಿ ಇಬ್ಬರೂ ಒಂದೊಂದು ಗೆದ್ದರು. ಮೂರನೆಯದರಲ್ಲಿ ಅಶ್ಮಿತಾ ಬಲೆ ಬೀಸಿದಳು. ಕೈಯಲ್ಲಿ ಎರಡು ಗಂಟೆಗಳಿದ್ದವು. ಮೇಜಿನ ಮೇಲಿದ್ದ ಬಾವಿಯ ಪಕ್ಕ ಒಂದನ್ನು ಇಟ್ಟಳು. ಅಮೂಲ್ಯಾ ತಕ್ಷಣ ಬೀಗ ಎಸೆದಳು. ಬಲೆಗೆ ಬಿದ್ದಳು! ಮರುಸರದಿಯಲ್ಲಿ ಅಶ್ಮಿತಾ ಎರಡನೇ ಗಂಟೆ ಇಟ್ಟಳು, ಅದರ ಪಕ್ಕ ಕುರುಡ ರಾಜ. ಕೊನೆಗೂ ಮೂರೂ ಸಾಲಾಗಿ ಕೂತವು.

ಅಮೂಲ್ಯಾ ತನ್ನ ಸರದಿಯಲ್ಲಿ ಇನ್ನೊಂದು ಬೀಗ ಇಟ್ಟಳು.

“ಸಾರಿ ದೀದಿ. ಮೈ ಚಾರ್ ರಖ್ತೀ ಹೂಂ. ಈಗ ಎಲ್ಲರೂ ಡೆಕ್‌ನಲ್ಲಿ ನಾಲ್ಕು ಬೀಗ ಇಡ್ತಾರೆ.”

ಅಶ್ಮಿತಾಳ ಕೈಯಲ್ಲಿ ಏನೂ ಉಳಿದಿರಲಿಲ್ಲ. ಎರಡು ಸರದಿಯಲ್ಲಿ ಸೋತಳು.

ಕಾರ್ಡು ಜೋಡಿಸುವಾಗ ಅಮೂಲ್ಯಾ ಮೆಲ್ಲಗೆ ಕೇಳಿದಳು, “ನೀವು ಇಷ್ಟು ಚೆನ್ನಾಗಿ ಆಡ್ತೀರಿ. ಡೆಕ್ ಯಾಕೆ ಬದಲಿಸಲ್ಲ?”

“ಬೇರೆ ಡೆಕ್ಕಲ್ಲಿ ಆಡಿದ್ರೆ ಅದು ನಾನಲ್ಲ ಮಾರಾಯ್ತಿ,” ಅಂದಳು ಅಶ್ಮಿತಾ. ಅಂದ ಮೇಲೆ ಆ ಮಾತು ಅವಳಿಗೇ ಹೆದರಿಕೆ ಹುಟ್ಟಿಸಿತು.

ಮನೆಯಲ್ಲಿ ತಾಯಿ ರತ್ನಾವತಿ ಬಾಗಿಲು ತೆರೆದು, “ಎಂಚ ಆಂಡ್?” ಎಂದು ತುಳುವಿನಲ್ಲಿ, ಆಟ ಹೇಗಾಯಿತೆಂದು ವಿಚಾರಿಸಿದರು. ಅಶ್ಮಿತಾ ಚಪ್ಪಲಿ ಕಾಲಲ್ಲೇ ನೆಲದ ಮೇಲೆ ಕೂತಳು. ತಾಯಿ ಒಳಗೆ ಹೋಗಿ ಊಟ ಬಡಿಸಿದರು.

ಮರುವಾರ ಅವಳು ನಾಲ್ಕು ಬೀಗ ತಂದಳು. ಅವುಗಳಿಗೆ ಜಾಗ ಮಾಡಲು ಯಾವ ಕಾರ್ಡು ತೆಗೆದರೂ ಮೂರು ಒಂದಾಗುವುದು ತಡವಾಗುತ್ತಿತ್ತು. ಕೊನೆಗೆ ಬೀಗಗಳನ್ನು ಪಕ್ಕಕ್ಕಿಟ್ಟು ಹಳೇ ಡೆಕ್ ಹಾಗೇ ಬಿಟ್ಟಳು. ಈಗಲೂ ಭಾನುವಾರ ಡೊಂಬಿವಲಿಗೆ ಹೋಗುತ್ತಾಳೆ. ಏಳು ವಾರದಲ್ಲಿ ಗೆದ್ದದ್ದು ಒಂದು ಆಟ.