ಈರಣ್ಣನನ್ನು ಪಾಸು ಮಾಡಿದ್ದು

ಇವತ್ತು ಬೆಳಿಗ್ಗೆ ನಮ್ಮ ಓಣಿಯಲ್ಲಿ ಯಾರೋ ಬೈಕು ಕಲಿಯುತ್ತಿದ್ದರು. ಕ್ಲಚ್ ಪ್ಲೇಟು ಸುಟ್ಟ ವಾಸನೆ ಕಿಟಕಿಯಿಂದ ಒಳಗೆ ಬಂತು. ನಿಮಗಾದರೆ ಮೂಗು ಮುಚ್ಚಿಕೊಂಡರೆ ಮುಗಿಯಿತು. ನನಗೆ ಬಾಯೆಲ್ಲ ಕಹಿಯಾಯಿತು.

ಬೈಕು ಓಡಿಸುವುದರಲ್ಲಿ ಇಡೀ ಇಳಕಲ್ಲಿಗೆ ನಾನೇ ಪಂಡಿತ ಎಂದು ತಿಳಿದುಕೊಂಡಿದ್ದ ಕಾಲವೊಂದಿತ್ತು. ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದವನಿಗೆ ಯಾರೂ ಕೇಳದಿದ್ದರೂ ಕಲಿಸುವ ಚಟ. ತಿರುವು ಬರುವ ಮೊದಲೇ ವೇಗ ಇಳಿಸಿ. ತಿರುವಿನೊಳಗೆ ಗಾಬರಿಯಾಗಿ ಬ್ರೇಕು ಒತ್ತಬೇಡಿ, ಕ್ಲಚ್ ಹಿಡಿಯಬೇಡಿ. ರಸ್ತೆ ಎಲ್ಲಿ ತೆರೆದುಕೊಳ್ಳುತ್ತದೋ ಅಲ್ಲಿ ಕಣ್ಣಿಡಿ, ಕಣ್ಣು ಹೋದಲ್ಲಿಗೇ ಗಾಡಿ ಹೋಗುತ್ತದೆ. ಇವ್ಯಾವುವೂ ಸುಳ್ಳಲ್ಲ, ಬೇಕಿದ್ದರೆ ಬರೆದಿಟ್ಟುಕೊಳ್ಳಿ.

ಹಿಂದಿನ ಓಣಿಯ ನೇಕಾರ ಈರಣ್ಣ ನಲವತ್ತು ದಾಟಿದ ಮೇಲೆ ಹಳೆಯ ಬೈಕೊಂದನ್ನು ಕೊಂಡು ನನ್ನ ಹತ್ತಿರ ಬಂದ. ಹೆಂಡತಿ ಶಾಂತವ್ವನನ್ನು ಹಿಂದೆ ಕೂರಿಸಿಕೊಂಡು ಮಹಾಕೂಟದ ಶಿವನ ಗುಡಿಗೆ ಹೋಗಿಬರಬೇಕೆಂಬುದು ಅವನ ಆಸೆ. ಮೈದಾನದಲ್ಲಿ ಶುರು ಮಾಡಿದೆವು. ಅವನ ಕಣ್ಣು ಮುಂದಿನ ಗಾಲಿಯಿಂದ ಒಂದು ಗೇಣು ಆಚೆ ಹೋಗುತ್ತಿರಲಿಲ್ಲ.

“ದೂರ ನೋಡೋ ಈರಣ್ಣ.”

“ದೂರ ನೋಡಿದ್ರ ಹತ್ತಿರದ್ದು ತಪ್ಪತೈತ್ರಿ ಮಾಸ್ತರ್ರ. ಮಗ್ಗದಾಗ ಒಂದ್ ಎಳಿ ಕಣ್ತಪ್ಪಿದ್ರ ಇಡೀ ಸೀರಿ ಕೆಡತೈತಿ.”

ಹೆದರಿದಾಗಲಂತೂ ಕಾಲಿಗೆ ಸಿಕ್ಕಿದ್ದನ್ನೆಲ್ಲ ತುಳಿಯುತ್ತಿದ್ದ. ಚಿಕ್ಕಂದಿನಿಂದ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಮಗ್ಗದ ಹಲಗೆ ತುಳಿದ ಕಾಲು, ಬೇರೇನು ಮಾಡೀತು? ಈ ಜಾಣತನ ಈಗಿನದು. ಆಗ ನಾನು, ಅವನು ಹ್ಯಾಂಡಲ್ ಮೇಲೆ ಬಗ್ಗಿ ಕೂರುವ ರೀತಿಯನ್ನು ಗೆಳೆಯರೆದುರು ಮಾಡಿ ತೋರಿಸಿ ನಗಿಸುತ್ತಿದ್ದೆ. ಐದನೆಯ ಸಂಜೆಗೆ ನನಗೆ ಸಾಕಾಯಿತು.

“ಕಲತಿ ಬಿಡೋ. ಇನ್ನ ಎಲ್ಲಿ ಬೇಕಾದ್ರೂ ಹೋಗು” ಎಂದುಬಿಟ್ಟೆ.

ಮಾಸ್ತರರು ಪಾಸು ಮಾಡಿದ ಮೇಲೆ ಮುಗಿಯಿತಲ್ಲ. ಬಂದ ಸೋಮವಾರವೇ ಹೆಂಡತಿಯನ್ನು ಕೂರಿಸಿಕೊಂಡು ಹೊರಟ. ಮಹಾಕೂಟದ ಹತ್ತಿರ ಗುಡ್ಡದ ತಿರುವಿನಲ್ಲಿ, ರಸ್ತೆಯಂಚಿಗೆ ಒಂದು ಕಲ್ಲು. ಅದಕ್ಕೆ ಬಡಿಯಬಾರದೆಂದು ಅದನ್ನೇ ನೋಡಿದ, ಬ್ರೇಕು ತುಳಿದ, ನೆಟ್ಟಗೆ ಅದಕ್ಕೇ ಹೋಗಿ ಬಿದ್ದ. ಶಾಂತವ್ವನಿಗೆ ತರಚು ಗಾಯವಾಯಿತು. ಈರಣ್ಣನ ಬಲಪಾದದ ಕೀಲು ಮುರಿಯಿತು. ಎಲುಬು ಕೂಡಿತು, ಪಾದ ಮಾತ್ರ ಮತ್ತೆ ಮಡಚಲಿಲ್ಲ. ಮಡಚದ ಪಾದದಿಂದ ಮಗ್ಗ ನಡೆಯುವುದಿಲ್ಲ. ಈಗ ಅವನ ಜಾಗದಲ್ಲಿ ಶಾಂತವ್ವ ಕೂತು ನೇಯುತ್ತಾಳೆ. ಅವನು ಗೋಡೆಗೆ ಒರಗಿ ಅವಳ ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತಾನೆ.

ಮೂರು ವರ್ಷದಿಂದ ಆ ಮನೆಗೆ ಹೋಗಿ ಆ ರಸ್ತೆಯನ್ನು ಬೈದು ಬರುತ್ತಿದ್ದೇನೆ. ನನ್ನ ಬಗ್ಗೆ ನನಗೇ ಹೇಸಿಗೆ ಎನಿಸಿದರೂ ಬಾಯಿ ಮಾತ್ರ ರಸ್ತೆಯನ್ನೇ ಬೈಯುತ್ತದೆ. ಇವತ್ತೂ ಹೋಗಿ ಅದೇ ಮಾತು ತೆಗೆದೆ. ಈರಣ್ಣ ಸುತ್ತುತ್ತಲೇ ಕೇಳಿದ:

“ಖರೆ ಹೇಳ್ರಿ ಮಾಸ್ತರ್ರ. ಆವತ್ತ ನಾ ಕಲತಿದ್ನೇನ್ರಿ?”

“ಇಲ್ಲೋ ಈರಣ್ಣ. ನನಗ ಬ್ಯಾಸರಾಗಿತ್ತು.”

ಮಗ್ಗ ನಿಂತಿತು. ಶಾಂತವ್ವ ಕುಣಿಯೊಳಗಿಂದ ನನ್ನನ್ನೇ ನೋಡಿದಳು.

“ಇಷ್ಟ ದಿನ ನಾನ ದಡ್ಡ ಅಂತ ತಿಳಕೊಂಡಿದ್ದೆನ್ರಿ” ಎಂದ ಈರಣ್ಣ.

ಚಹಾ ಕುಡಿದು ಹೋಗಿರೆಂದು ಆ ಮನೆಯಲ್ಲಿ ಇವತ್ತು ಯಾರೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಕಾದು, ಎದ್ದು ಬಂದೆ.