ಎದುರುಬದುರು ನಮ್ಮ ಜಾಗ

ನಮ್ಮಪ್ಪನ ಮುಂದೆ ಯಾರಾದರೂ ಸ್ಟೇಡಿಯಂ ಮಾತು ತೆಗೆದರೆ ಮುಗಿಯಿತು, ಅಡಿಪಾಯದಿಂದ ಶುರುಮಾಡುತ್ತಾರೆ. ಕಟ್ಟಡ ಪೂರ್ತಿ ಏಳುವ ಮೊದಲೇ ಆಟ ನಡೆಯುತ್ತಿತ್ತಂತೆ. ಸಿಮೆಂಟಿನ ಮೆಟ್ಟಿಲೇ ಆಸನ, ತಲೆಯ ಮೇಲೆ ಬರೀ ಬಿಸಿಲು. ಬೆಳಗಿನ ಜಾವವೇ ಜೋಗುಪಾಳ್ಯದಿಂದ ನಡೆದುಹೋಗಿ ಮೆಟ್ಟಿಲ ಮೇಲೆ ಟವಲ್ಲು ಹಾಸಿದರೆ ಅಷ್ಟೂ ಜಾಗ ನಮ್ಮ ಬೀದಿಯವರದ್ದು. ಹಾಸಿದ ಟವಲ್ಲನ್ನು ಯಾರೂ ಮುಟ್ಟುತ್ತಿರಲಿಲ್ಲ. ಆಮೇಲೆ ದೀಪದ ಕಂಬಗಳು ಬಂದವು, ಚಾವಣಿ ಬಂತು, ನಂಬರು ಬರೆದ ಪ್ಲಾಸ್ಟಿಕ್ ಕುರ್ಚಿಗಳು ಬಂದವು, ಹೊರಗೆ ಮೆಟ್ರೊ ಬಂತು. ನಾವೂ ಜೀವನ್ ಬಿಮಾ ನಗರಕ್ಕೆ ಬಂದೆವು. ಅಪ್ಪ ಟವಲ್ಲು ಬಿಡಲಿಲ್ಲ.

ಜೋಗುಪಾಳ್ಯದಲ್ಲಿ ಪಕ್ಕದ ಮನೆಯಲ್ಲಿದ್ದ ಅಪ್ಪನ ಗೆಳೆಯರನ್ನು ನಾನು ಮಾಮ ಎಂದೇ ಕರೆಯುವುದು. ಈಗ ಅವರು ಹೊರಮಾವಿನಲ್ಲಿ ಮಗ ಸೊಸೆಯ ಜೊತೆ ಅಪಾರ್ಟ್‌ಮೆಂಟಿನಲ್ಲಿದ್ದಾರೆ. ಹೋದ ವರ್ಷ ಅವರ ಹೆಂಡತಿ, ನಮ್ಮತ್ತೆ, ತೀರಿಕೊಂಡ ಮೇಲೆ ಲಿಫ್ಟು ಇಳಿದು ಗೇಟಿನವರೆಗೂ ಬಂದಿರಲಿಲ್ಲ. ಅಪ್ಪ ಫೋನು ಮಾಡಿ ಬೈದರು, ಬೇಡಿಕೊಂಡರು, ಮತ್ತೆ ಬೈದರು. ಈ ಚಳಿಗಾಲದಲ್ಲಿ ರಾಜ್ಯ ತಂಡದ ನಾಲ್ಕು ದಿನದ ಪಂದ್ಯ ಬಂದಾಗ ಮಾಮ ಕೊನೆಗೂ, "ಆಯ್ತಪ್ಪಾ, ನಮ್ಮ ಜಾಗಕ್ಕೆ ಬರ್ತೀನಿ" ಅಂದರಂತೆ.

ಇಂಥ ಪಂದ್ಯಕ್ಕೆ ಟಿಕೆಟ್ಟೂ ಇಲ್ಲ, ಜನವೂ ಇಲ್ಲ. ಆದರೂ ಅಪ್ಪ ಪಕ್ಕದ ಕುರ್ಚಿಗೆ ಟವಲ್ಲು ಹಾಸಿದರು.

"ಅಪ್ಪಾ, ಕಾಗೆಗಳನ್ನ ಸೇರಿಸಿದ್ರೂ ಇಲ್ಲಿ ನೂರು ತಲೆ ಇಲ್ಲ. ಯಾರು ಕಿತ್ಕೋತಾರೆ ಈ ಕುರ್ಚಿನ?"

"ಪದ್ಧತಿ ಅಂದ್ರೆ ಪದ್ಧತಿ. ನೀನು ಆಟ ನೋಡು."

ಅವರೇ ನೋಡುತ್ತಿರಲಿಲ್ಲ. ವಿಕೆಟ್ ಬಿದ್ದರೂ ಕಣ್ಣು ಬಾಗಿಲ ಕಡೆಗೇ. ಊಟದ ವಿರಾಮವಾದರೂ ಮಾಮನ ಸುಳಿವಿಲ್ಲ. ಹೊರಮಾವಿಗೆ ಫೋನು ಮಾಡಿದರೆ ಸೊಸೆ, "ಬೆಳಿಗ್ಗೆನೇ ಹೊರಟ್ರಲ್ಲ ಅಕ್ಕಾ! ಫೋನು ಇಲ್ಲೇ ಬಿಟ್ಟಿದ್ದಾರೆ" ಅಂದಳು. ಅಪ್ಪನಿಗೆ ಹೇಗೆ ಹೇಳುವುದೆಂದು ತಿಳಿಯದೆ ಸುಮ್ಮನೆ ಮೈದಾನದ ಕಡೆ ತಿರುಗಿದೆ. ಆಟಗಾರರೆಲ್ಲ ಒಳಗೆ ಹೋಗಿದ್ದರಿಂದ ನೋಟ ನೇರವಾಗಿ ಆಚೆ ಬದಿಗೆ ಹೋಯಿತು. ಅಲ್ಲೊಂದು ಒಂಟಿ ಬಿಳಿ ತಲೆ. ಪಕ್ಕದ ಕುರ್ಚಿಯ ಮೇಲೆ ಹಾಸಿದ ಟವಲ್ಲು.

ಅಪ್ಪನಿಗೆ ತೋರಿಸಿ, ಗೇಟು ದಾಟಿ ಸುತ್ತುಹಾಕಿ ಓಡಿದೆ. ಮಾಮ ಕೆಂಡವಾಗಿದ್ದರು.

"ಎಲ್ಲಮ್ಮಾ ನಿಮ್ಮಪ್ಪ? ಬೆಳಿಗ್ಗೆಯಿಂದ ಜಾಗ ಹಿಡ್ಕೊಂಡು ಕೂತಿದೀನಿ!"

ಎದುರಿಗೆ ಬೆರಳು ತೋರಿಸಿದೆ.

"ಅಯ್ಯೋ ದೇವರೇ, ಮುರುಗಾ! ಅದಾ ನಮ್ಮ ಜಾಗ? ಊಟ ಆದ್ಮೇಲೆ ಬಿಸಿಲು ಬೆನ್ನಿಗೆ ಬೀಳ್ತಿತ್ತು, ಮರ್ತೇಬಿಟ್ನಾ ಅವನು?"

ಅಪ್ಪನಿಗೆ ಫೋನು ಮಾಡಿ ಅದನ್ನೇ ಹೇಳಿದೆ. "ಬೆನ್ನಿಗಲ್ಲ, ಮುಖಕ್ಕೆ. ತೆಪ್ಪಗೆ ಇಲ್ಲಿಗೆ ಬರೋಕೆ ಹೇಳು" ಅಂದರು.

ಹಳೆಯ ಮೆಟ್ಟಿಲುಗಳು ಹೋಗಿ ಎಷ್ಟೋ ಕಾಲವಾಯಿತು, ಸಾಕ್ಷಿ ಹೇಳುವವರು ಯಾರು? ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಐವತ್ತು ದಾಟಿದ ಕೂಸು ನಾನು. ಆದರೂ ಖುಷಿಯಾಗಿತ್ತು. ಒಂದು ವರ್ಷದಿಂದ ಬರೀ 'ಹ್ಞೂ' ಅನ್ನುತ್ತಿದ್ದ ಮಾಮ ಈಗ ಬಾಯಿತುಂಬ ಬೈಯುತ್ತಿದ್ದರು.

ಫೋನಿನಲ್ಲಿ ಅಪ್ಪನಿಗೂ ಆ ಬೈಗುಳ ಕೇಳಿಸಿತು. ಆಮೇಲೆ, "ಇರು, ನಾನೇ ಬರ್ತೀನಿ" ಅಂದರು. ಈ ಮನುಷ್ಯ ಸೋತದ್ದನ್ನು ನಾನು ಕಂಡದ್ದು ಅದೇ ಮೊದಲು.

ಏದುಸಿರು ಬಿಡುತ್ತ ಬಂದು ಕೂತರು. ಜಾಗದ ಮಾತು ಇಬ್ಬರೂ ಎತ್ತಲಿಲ್ಲ. ಮಾಮ ಚೀಲದಿಂದ ಸ್ಟೀಲ್ ಡಬ್ಬಿ ತೆಗೆದರು. ಪುಳಿಯೋಗರೆ. ಪಂದ್ಯದ ದಿನ ಇಡೀ ಗುಂಪು ತಿನ್ನುತ್ತಿದ್ದದ್ದು ಅತ್ತೆಯ ಕೈಯ ಪುಳಿಯೋಗರೆಯನ್ನೇ.

"ನಾನೇ ಮಾಡಿದ್ದು" ಅಂದರು ಮಾಮ.

ಅಪ್ಪ ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದರು. ದೇವರೇ, ಇವತ್ತೊಂದು ದಿನ ಈ ಬಾಯಿಂದ ಸುಳ್ಳು ಬರಲಿ ಅಂದುಕೊಂಡೆ.

"ಉಪ್ಪು ಕಮ್ಮಿ ಕಣೋ."

ಆಟಗಾರರು ಮತ್ತೆ ಮೈದಾನಕ್ಕೆ ಇಳಿಯುತ್ತಿದ್ದರು. ಮಾಮ ಅವರನ್ನೇ ನೋಡುತ್ತ ಹೇಳಿದರು:

"ಗೊತ್ತು. ನಾಳೆ ಸರಿಯಾಗಿ ಹಾಕ್ಕೊಂಡು ಬರ್ತೀನಿ."