ಜೀಪಿನ ಕಾಚಿಗೆ ಹಚ್ಚಿದ್ದು

ಅಕ್ಕ ಚೊಚ್ಚಲ ಹೆರಿಗಿಗೆ ತವರಿಗೆ ಬಂದಿದ್ಳು. ಎಂಬತ್ತರ ದಶಕದ ಕೊನಿ, ರಾಯಬಾಗ ಕಡೆ ನಮ್ಮ ಹಳ್ಳಿ. ಕೂಸು ಅಡ್ಡ ತಿರಗೈತಿ, ನೋವು ಸುರು ಆದ ಕೂಡ್ಲೆ ಮಿರಜಿಗೆ ಕರ್ಕೊಂಡು ಬರ್ರಿ, ತಡಾ ಮಾಡಬ್ಯಾಡ್ರಿ ಅಂತ ಡಾಕ್ಟರು ಮೊದಲ ಹೇಳಿದ್ರು. ಅಪ್ಪ ತನ್ನ ಹಳೇ ಜೀಪು ಸಜ್ಜ ಮಾಡಿ ಇಟ್ಟಿದ್ದ. ಮುಂದಿನ ಗಾಜಿನ ವೈಪರ್ ಮಾತ್ರ ಕೆಟ್ಟಿತ್ತು. ಇವತ್ತ ನಾಳಿ ಅನ್ನೂದ್ರಾಗ ಶ್ರಾವಣದ ಮಳಿ ಹಿಡದ ಬಿಟ್ಟಿತು.

"ಬಟಾಟಿ ಹೋಳ ಮಾಡಿ ಮುಂದಿನ ಕಾಚಿಗೆ ತಿಕ್ಕ್ರಿ ಸಾವಕಾರ್ರ, ನೀರ ನಿಲ್ಲೂದಿಲ್ಲ" ಅಂದ ಬಾಜೂ ಮನಿ ಟ್ರ್ಯಾಕ್ಟರ್ ಡ್ರೈವರ್. ನಾವು ಜೈನರು. ನೆಲದಾಗಿನ ಗಡ್ಡಿ ನಮ್ಮ ಮನಿಗೆ ಬರೂದಿಲ್ಲ, ಅದ್ರಾಗ ಅದು ಚಾತುರ್ಮಾಸ. ಹೊಸ್ತಿಲದಾಗ ಕುಂತಿದ್ದ ಅಜ್ಜಿ ಕಣ್ಣ ಕೆಂಪ ಮಾಡಿದ್ಳು.

"ತಿನ್ನಾಕಲ್ಲ ಬೇ, ಗಾಡಿಗೆ" ಅಂದ ಅಪ್ಪ.

"ತಿಂದ್ರೇನ, ತಿಕ್ಕಿದ್ರೇನ, ಕೊಯ್ಯೂದು ಕೊಯ್ಯೂದ. ಈ ಮನ್ಯಾಗ ಆಗೂದಲ್ಲ."

ನಿಪ್ಪಾಣಿ ಕಡೆ ಡ್ರೈವರ್‌ಗೋಳು ತಂಬಾಕ ತಿಕ್ತಾರ. ಅದರ ಹೆಸರ ಎತ್ತಾಕ ಯಾರಿಗೂ ಧೈರ್ಯ ಆಗ್ಲಿಲ್ಲ.

ಆಗ ಶಾಣ್ಯಾತನ ತೋರಿಸಿದಾಕಿ ನಾನು. ಮೆಟ್ರಿಕ್ ಪಾಸಾಗಿದ್ದೆ, ವಿಜ್ಞಾನದಾಗ ವರ್ಗಕ್ಕ ಮೊದಲು, ಸೊಕ್ಕು ನೆತ್ತಿಗೇರಿತ್ತು. ಬಟ್ಟಿ ಸಬಕಾರ ಹೆರದು ಬಿಸಿನೀರಾಗ ಕರಗಿಸಿದೆ, ಲಿಂಬಿಹಣ್ಣು ಹಿಂಡಿದೆ, ಚೂರು ಉಪ್ಪು ಹಾಕಿದೆ. ಎಣ್ಣಿ ಹಚ್ಚಿದ ತಲಿಮ್ಯಾಲ ನೀರ ನಿಲ್ಲೂದಿಲ್ಲಲ್ಲಾ ಅಂತ ಕಡೀಕ ಒಂದ ಸೌಟು ಶೇಂಗಾ ಎಣ್ಣಿ ಸುರದೆ. ಎಣ್ಣಿದು ಯಾರಿಗೂ ಹೇಳ್ಲಿಲ್ಲ. ಗುಟ್ಟು ಇಟ್ಕೊಂಡು ಶಾಬಾಸ್ ಅನಿಸ್ಕೊಳ್ಳೂ ಚಟ ನಂದು. ಕಾಚಿಗೆ ಸವರಿ ಒಂದ ಚರಗಿ ನೀರ ಸುರುವಿದೆ. ನೀರು ಮಣಿ ಮಣಿ ಆಗಿ ಉರುಳಿ ಹೋತು. "ಭಲೇ ಮಗಳ!" ಅಂದ ಅಪ್ಪ. ಅಜ್ಜೀನೂ ನಕ್ಕಳು.

ನಾಕ ದಿನಕ್ಕ ಮಧ್ಯಾಹ್ನ ಅಕ್ಕಗ ನೋವು ಸುರು ಆತು. ನಾನು ಓಡಿ ಹೋಗಿ ಕಾಚಿಗೆ ಇನ್ನೊಮ್ಮೆ ದಪ್ಪಗ ಹಚ್ಚಿದೆ. ಅವ್ವ ಮತ್ತ ನಾನು ಹಿಂದ ಅಕ್ಕನ್ನ ಹಿಡ್ಕೊಂಡು ಕುಂತ್ವಿ. ಕುಡಚಿ ದಾಟೂತನಾ ಬರೋಬ್ಬರಿ ಇತ್ತು. ಮುಂದ ಮಾಡ ಕವಿದು, ಎದುರಿನ ಲಾರಿಗೋಳು ದೀಪ ಹಚ್ಚಿದ್ವು ನೋಡ್ರಿ, ಕಾಚಿನ ತುಂಬ ಬೆಳ್ಳಗ ಮಬ್ಬು.

"ಏನೂ ಕಾಣವಲ್ದಲ್ಲೋ ದೇವರ!" ಅಂತ ಅಪ್ಪ ಇಳದು ಧೋತರದ ತುದೀಲೆ ಒರಸಿದ. ಒರಸಿದಷ್ಟು ಹರಡಿತು. ಕಡೀಕ ತಲಿ ಹೊರಗ ಹಾಕಿ, ಮಳಿ ಮಾರಿಗೆ ಹೊಡಸ್ಕೊಂತ, ಎತ್ತಿನ ಗಾಡಿಗಿಂತ ಸಾವಕಾಶ ಹೊಡದ.

ಕಾಗವಾಡದಾಗ ಒಂದ ಅಂಗಡಿ ಮುಂದ ನಿಂದ್ರಿಸಿ ಸೋಡಾಪುಡಿ ಹಾಕಿ ತೊಳದಿದ್ರ ಹೋಗ್ತಿತ್ತು. 'ಅಪ್ಪಾ, ಅದ್ರಾಗ ಎಣ್ಣಿ ಐತಿ' ಅನ್ನೂ ಒಂದ ಮಾತು ನನ್ನ ಬಾಯಿಂದ ಹೊಂಡಲಿಲ್ಲ. ಬೈತಾರಂತ ಅಂಜಿದೆ. ಅಕ್ಕ ನನ್ನ ಕೈ ಹಿಡದು ಒದ್ದಾಡಾಕತ್ತಿದ್ಳು, ನಾನು ನನ್ನ ಮಾನದ ಚಿಂತ್ಯಾಗ ಇದ್ದೆ. ಥೂ ನನ್ನ ಜನ್ಮಕ್ಕ!

ಅಕ್ಕ ಉಳದ್ಳು. ಕೂಸು ಉಳೀಲಿಲ್ಲ. "ಸ್ವಲ್ಪ ಮೊದ್ಲ ಬಂದಿದ್ರ…" ಅಂದು ಡಾಕ್ಟರು ಮಾತು ಅಲ್ಲೇ ಬಿಟ್ರು.

ಮರುದಿನ ಅಕ್ಕನ ಮಾವ ಬಂದು, ದವಾಖಾನಿ ಪಡಸಾಲ್ಯಾಗ ಹತ್ತ ಮಂದಿ ಮುಂದ ಅಪ್ಪನ್ನ ಝಾಡಿಸಿದ. "ಗಾಡಿ ಹೊಡ್ಯಾಕ ಬರದಿದ್ರ ಯಾಕ ಕುಂತ್ರಿ? ನಮ್ಮ ಕೂಸಿನ್ನ ತಿಂದ್ರಿ!"

ಅಪ್ಪ ಇನ್ನೂ ಅದ ಧೋತರದಾಗ ಇದ್ದ. ಜಿಡ್ಡು ಹತ್ತಿದ ಅದರ ತುದಿ ಕೈಯಾಗ ಹಿಡದು ತಿಕ್ಕಿ ನೋಡಿದ, ಮೂಗಿಗೆ ಹಿಡದ. ಶೇಂಗಾ ಬೆಳಿಯೂ ಮನಶ್ಯಾಗ ಆ ವಾಸನಿ ತಿಳ್ಯೂದಿಲ್ಲೇನು? ತಲಿ ಎತ್ತಿ ಒಂದ ಸಲ ನನ್ನ ಮಾರಿ ನೋಡಿದ.

"ಹೌದ್ರಿ ಬೀಗರ" ಅಂದ ಮಾವನ ಕಡೆ ತಿರುಗಿ. "ನನ್ನ ಕಣ್ಣ ಮಂದ ಆಗ್ಯಾವು. ತಪ್ಪು ನಂದ."

ಆ ತುದಿ ಮಡಚಿ ಒಳಗ ಸಿಗಿಸ್ಕೊಂಡ. ಸಾಯೂತನಾ ಅಂವ ನನಗ ಏನೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ.